ಕಪಾತು ಕಲಿಸುವ ಶಾಲೆ ಎಲ್ಲಿದೆ?

ಕೊಡಗಿನ ಹುಡುಗರಿಗೆ ಕೌಶಲ ತರಬೇತಿ ಕೊಟ್ಟರೆ ತೋಟದ ಕೂಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದಲ್ವಾ ಅಂತ ಕೇಳಿದಿರಿ. ನಾನಿರುವುದು ಕುಟ್ಟದ ಹತ್ತಿರ, ಆಚೆ ವಯನಾಡು. ನಮ್ಮ ಕಡೆ ತರಬೇತಿ ಅಂದರೆ ಹೊಲಿಗೆ, ಇಲ್ಲಾ ಕಂಪ್ಯೂಟರ್. ತೋಟದಲ್ಲಿ ಜಾಸ್ತಿ ಕೂಲಿ ಸಿಗುವ ಕೆಲಸವೇ ಬೇರೆ.

ಮರ ಕಪಾತನ್ನೇ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದನ್ನೇ ತಗೊಳ್ಳಿ. ಕಾಫಿಗೆ ನೆರಳೂ ಬೇಕು, ಬಿಸಿಲೂ ಬೇಕು. ಮಳೆಗೆ ಮುಂಚೆ ಮರ ಹತ್ತಬೇಕು. ಯಾವ ಕೊಂಬೆ ಕಡಿಯಬೇಕು, ಯಾವುದು ಬಿಡಬೇಕು ಅಂತ ಮೇಲೆ ನಿಂತೇ ತೀರ್ಮಾನ. ದೊಡ್ಡ ಕೊಂಬೆಯಾದರೆ ಹಗ್ಗ ಕಟ್ಟಿ ಇಳಿಸಬೇಕು, ಇಲ್ಲದಿದ್ದರೆ ಕೆಳಗಿನ ಕಾಫಿ ಗಿಡ ಸೀಳಿಹೋಗುತ್ತದೆ. ಕಾಳುಮೆಣಸು ಕೊಯ್ಯುವವರೂ ಅಷ್ಟೇ. ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ತುದಿಯಲ್ಲಿ ನಿಂತು, ಬಳ್ಳಿಗೆ ಪೆಟ್ಟಾಗದ ಹಾಗೆ ಗೊಂಚಲು ಬಿಡಿಸಬೇಕು. ಇದೆಲ್ಲ ಅಪ್ಪನ ಹಿಂದೆ, ಮಾವನ ಹಿಂದೆ ಹೋಗಿ ಕಲಿತದ್ದು. ಬಿದ್ದರೆ ಮಾತ್ರ ಕೇಳುವವರಿಲ್ಲ.

2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕೆಲಸ ಗೊತ್ತಿರುವವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ದಾರಿಯೂ ಇದೆ. ಒಳ್ಳೆಯದೇ. ಆದರೆ ಕೂಲಿಗೆ ಕರೆಯುವ ನಮ್ಮ ಮೇಸ್ತ್ರಿಗಳು ಕೇಳುವುದು ಒಂದೇ: ಹೋದ ವರ್ಷ ಯಾರ ತೋಟದಲ್ಲಿ ಮಾಡಿದೆ?

ಹಾಗಂತ ಓದು ಬೇಡ ಅಂತಲ್ಲ. ಕಾಫಿ ಕೊಯ್ಲಿಗೆ ಎಷ್ಟೋ ಕಡೆ ಕೆಜಿ ಲೆಕ್ಕದಲ್ಲಿ ದುಡ್ಡು. ಸಂಜೆ ರೈಟರ್, ಅಂದರೆ ತೋಟದ ಗುಮಾಸ್ತರು, ತೂಕ ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಓದು ಬಾರದ ಅಮ್ಮಂದಿರು ಆ ಹೊತ್ತಿಗೆ ಐದನೇ ಕ್ಲಾಸಿನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಮಗಳು ತಕ್ಕಡಿಯ ಮುಳ್ಳು ನೋಡುತ್ತಾಳೆ, ಆಮೇಲೆ ಪುಸ್ತಕ ನೋಡುತ್ತಾಳೆ. ಶಾಲೆಯಿಂದ ಕೈಗೆ ದುಡ್ಡು ಬರುವುದು ಇಲ್ಲೇ ನೋಡಿ.

ತೊಂದರೆ ಇರುವುದು ಕ್ಯಾಲೆಂಡರಿನಲ್ಲಿ. ರೊಬಸ್ಟಾ ಜಾತಿಯ ಕಾಫಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ, ಮೆಣಸೂ ಹೆಚ್ಚುಕಮ್ಮಿ ಆಗಲೇ, ಪರೀಕ್ಷೆಯ ತಯಾರಿಯೂ ಆಗಲೇ. ಅಪ್ಪ ಅಮ್ಮ ಬೇರೆ ತೋಟದ ಲೈನ್ ಮನೆಗೆ (ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆ) ಹೋದರೆ ಮಕ್ಕಳೂ ಜೊತೆಗೆ. ಹಾಜರಿ ಅಲ್ಲಿಗೇ ನಿಂತಿತು. ಆಶ್ರಮ ಶಾಲೆಯಲ್ಲಿದ್ದರೆ ಪರವಾಗಿಲ್ಲ, ಊಟ-ವಸತಿ ಅಲ್ಲೇ.

ಶಾಲೆ ಬಿಟ್ಟ ಹುಡುಗರು ಜೀಪ್, ಪಿಕಪ್ ಕಡೆ ನೋಡುತ್ತಾರೆ. ಬಾಡಿಗೆ ವಾಹನದ ಲೈಸೆನ್ಸಿಗೆ ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದರು. ಇನ್ನು ಕೆಲವರು ಗಡಿ ದಾಟುತ್ತಾರೆ, ಕೇರಳದಲ್ಲಿ ದಿನಗೂಲಿ ಜಾಸ್ತಿ.

ತರಬೇತಿ ಕೊಡಲೇಬೇಕು ಅಂತಿದ್ದರೆ ಕೊಯ್ಲು ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಬನ್ನಿ. ಬರುವಾಗ ಸೇಫ್ಟಿ ಬೆಲ್ಟ್, ಗಟ್ಟಿ ಹಗ್ಗ, ವಿಮೆಯ ಫಾರಂ ತನ್ನಿ. ಮರ ಹತ್ತುವುದನ್ನು ಕಲಿಸಲು ಹೊರಗಿನವರು ಬೇಡ, ನಮ್ಮ ಯರವ ಬುಡಕಟ್ಟಿನ ಹುಡುಗರೇ ಸಾಕು. ಆ ದಿನದ ಕೂಲಿ ಅವರಿಗೆ ಕೊಟ್ಟರಾಯಿತು.