ಬೇಪುವಿನ ಒರಳಿಗೆ ಆತುರದಲ್ಲಿ ನೀರು ಹಾಕಬೇಡಿ

ನಿಮಗೆ ತೈವಾನಿನ ಸಿಂಚುವಿನಲ್ಲಿ ಕೆಲಸ, ನೀವು ಸಸ್ಯಾಹಾರಿ, ಕೈಯಲ್ಲಿರುವುದು ಒಂದೇ ಶನಿವಾರ. ಅಷ್ಟರಲ್ಲಿ ಹಕ್ಕಾ ಜನರ (ಚೀನಾ ಮೂಲದ ಒಂದು ಸಮುದಾಯ) ಊರುಗಳಾದ ಬೇಪು, ಮೇಯ್‌ನೊಂಗ್ ಎರಡನ್ನೂ ನೋಡಿ, 'ಒರಿಜಿನಲ್ ಹಕ್ಕಾ ನೂಡಲ್ಸ್' ತಿಂದು, ಛತ್ರಿ ಕೊಂಡು ಬರಬೇಕು. ನಿಮ್ಮ ಪ್ರಶ್ನೆ ಓದಿ ನಗು ಬಂತು. ನನ್ನ ಮೊದಲ ಪಟ್ಟಿಯೂ ಇದೇ ಆಗಿತ್ತು.

ಮೊದಲು ನೂಡಲ್ಸನ್ನು ಪಟ್ಟಿಯಿಂದ ಹೊಡೆದುಹಾಕಿ. ಕೋಲ್ಕತ್ತದ ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಸುಬಿನಲ್ಲಿದ್ದ ಹಕ್ಕಾ ಜನ ಹೋಟೆಲುಗಳನ್ನೂ ತೆರೆದರು. ಅವರ ಹೆಸರು ನೂಡಲ್ಸಿಗೆ ಅಂಟಿಕೊಂಡು ನಮ್ಮ ಬೀದಿ ಗಾಡಿಗಳವರೆಗೂ ಬಂತು. ಕ್ಯಾಪ್ಸಿಕಂ, ಸೋಯಾ ಸಾಸ್, ವಿನೆಗರ್ ಹಾಕಿದ ಆ ತಟ್ಟೆ ಭಾರತದ ಅಡುಗೆ. ತೈವಾನಿನ ಹಕ್ಕಾ ಊರುಗಳಲ್ಲಿ ಸಿಗುವುದು ಬಾನ್‌ತ್ಯಾವ್. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ತಟ್ಟೆಗೆ ತೆಳುವಾಗಿ ಹುಯ್ದು, ಹಬೆಯಲ್ಲಿ ಬೇಯಿಸಿ, ಆ ಹಾಳೆಯನ್ನು ಅಗಲ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಹಿಟ್ಟು ನೋಡಿದರೆ ನೀರುದೋಸೆಯ ನೆಂಟ. ಆದರೆ ಸಾರು ಹಂದಿ ಮೂಳೆಯದು, ಮೇಲೆ ಉದುರಿಸುವ ಈರುಳ್ಳಿ ಕರಿದಿರುವುದು ಹಂದಿ ಕೊಬ್ಬಿನಲ್ಲಿ. 'ಮಾಂಸ ಬೇಡ' ಎಂದರೆ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಮೋಸವೂ ಅಲ್ಲ. ನೀವು ಹೇಳಬೇಕಾದ ಪದ 'ಸೂ', ಅಂದರೆ ಸಸ್ಯಾಹಾರ. ಆಮೇಲೆ ಒಣ ಸಿಗಡಿ ಇದೆಯೇ ಎಂದು ಬೇರೆಯಾಗಿ ಕೇಳಿ.

ಎರಡನೆಯದಾಗಿ, ಮೇಯ್‌ನೊಂಗ್ ಬಿಡಿ. ಅದು ದಕ್ಷಿಣದ ಕಾವ್‌ಶ್ಯುಂಗಿನಲ್ಲಿದೆ. ಹೈಸ್ಪೀಡ್ ರೈಲು ಹಿಡಿದರೂ ಮೇಲೊಂದು ಬಸ್ಸು ಬೇಕು, ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಅಲ್ಲಿನ ಎಣ್ಣೆಕಾಗದದ ಛತ್ರಿಯ ಕೆಲಸವೂ ಒಂದು ದಿನದ್ದಲ್ಲ. ಬಿದಿರಿನ ಸಿಹಿ ಹೋಗಲಿ, ಹುಳು ಬೀಳದಿರಲಿ ಎಂದು ಅದನ್ನು ನೀರಲ್ಲಿ ನೆನೆಹಾಕಬೇಕು. ಆಮೇಲೆ ಕಡ್ಡಿ ಸೀಳಿ, ತೂತು ಕೊರೆದು, ದಾರ ಪೋಣಿಸಿ, ಕಾಗದ ಅಂಟಿಸಿ, ಚಿತ್ರ ಬರೆದು, ಕೊನೆಗೆ ಟುಂಗ್ ಮರದ ಎಣ್ಣೆ ಬಳಿದು ಒಣಗಿಸುತ್ತಾರೆ. ಪ್ರವಾಸಿಗರ ತರಗತಿಯಲ್ಲಿ ನಿಮಗೆ ಸಾಮಾನ್ಯವಾಗಿ ಸಿಗುವುದು ಚಿತ್ರ ಬರೆಯುವ ಭಾಗ ಮಾತ್ರ. ಸುಮ್ಮನೆ ಕೊಳ್ಳುವುದಾದರೆ ಒಂದು ಮಾತು: ಒದ್ದೆಯಾದಾಗ ಮಡಚಿಡಬೇಡಿ, ಮಡಿಕೆಗಳು ಒಂದಕ್ಕೊಂದು ಅಂಟಿ ಮುಂದಿನ ಸಲ ಬಿಚ್ಚುವಾಗ ಕಾಗದ ಹರಿಯುತ್ತದೆ. ಬಿಚ್ಚಿ ನೆರಳಲ್ಲಿ ಒಣಗಿಸಿ.

ಉಳಿದದ್ದು ಬೇಪು. ಅಲ್ಲಿಯೂ ಹತ್ತು ಅಂಗಡಿ ಹೊಕ್ಕು ಫೋಟೊ ತೆಗೆಯುವ ಬದಲು ಒಂದೇ ಕಡೆ ಕೂತು ಲೇ ಚಾ ಅರೆಯಿರಿ. 'ಲೇ' ಎಂದರೆ ಅರೆಯುವುದು, 'ಚಾ' ಗೊತ್ತೇ ಇದೆ. ನಾನು ಕೆಡಿಸಿದ್ದು ಇದನ್ನೇ, ಅದಕ್ಕೇ ಇಷ್ಟು ಉದ್ದದ ಉತ್ತರ.

ಸಾಮಾನು ಎರಡೇ. ಒಳಮೈಯಲ್ಲಿ ಗೆರೆಗಳಿರುವ ಮಣ್ಣಿನ ದೊಡ್ಡ ಬಟ್ಟಲು, ಸೀಬೆ ಮರದ ದಪ್ಪ ಕೋಲು. ಅರೆಯುತ್ತ ಅರೆಯುತ್ತ ಕೋಲಿನ ತುದಿಯೂ ಚೂರು ಸವೆದು ಚಹಾದೊಳಗೆ ಸೇರುತ್ತದೆ, ಆದ್ದರಿಂದ ತಿನ್ನಬಹುದಾದ ಮರವನ್ನೇ ಆರಿಸುತ್ತಾರೆ. ಮೂರು ಜನಕ್ಕೆ ಹತ್ತು ಗ್ರಾಂ ಒಣ ಹಸಿರು ಚಹಾ ಎಲೆ, ಮೂರು ಚಮಚ ಹುರಿದ ಎಳ್ಳು (ಕರಿ, ಬಿಳಿ ಎರಡೂ ಸೇರಿ), ಮೂರು ಚಮಚ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಬೇಕಿದ್ದರೆ ಒಂದಿಷ್ಟು ಕುಂಬಳಬೀಜ. ಎಲ್ಲ ದೊಡ್ಡ ಚಮಚದ ಲೆಕ್ಕ.

ಮೊದಲು ಎಲೆ ಮಾತ್ರ. ಬಟ್ಟಲಿನ ಕೆಳಗೆ ಒದ್ದೆ ಬಟ್ಟೆ ಇಡಿ, ಇಲ್ಲವಾದರೆ ಅದು ತಿರುಗುತ್ತದೆ. ಕುಟ್ಟಬೇಡಿ, ಮಣ್ಣಿನ ಬಟ್ಟಲು ಬಿರುಕು ಬಿಡುತ್ತದೆ. ಕೋಲನ್ನು ಗೋಡೆಗೆ ಒತ್ತಿ ಸುತ್ತಿಸಿ, ಎಲೆ ಗೆರೆಗಳಿಗೆ ಸಿಕ್ಕಿ ಪುಡಿಯಾಗಲಿ. ಬೆರಳಲ್ಲಿ ಉಜ್ಜಿದರೆ ಅರಿಸಿನಪುಡಿಯಷ್ಟು ನುಣ್ಣಗಿರಬೇಕು. ಆಮೇಲೆ ಎಳ್ಳು, ಅದು ಒಡೆದ ಮೇಲೆ ಕಡಲೆಕಾಯಿ ಬೀಜ.

ನನ್ನ ತಪ್ಪು ನಡೆದದ್ದು ಈ ಹಂತದಲ್ಲಿ. ಬೀಜ ಹಾಕಿದ ಸ್ವಲ್ಪ ಹೊತ್ತಿಗೆ ಎಲ್ಲ ಉಂಡೆಕಟ್ಟಿ ಗೋಡೆಗೆ ಮೆತ್ತಿಕೊಳ್ಳುತ್ತದೆ, ಕೋಲು ಅಲುಗುವುದಿಲ್ಲ, ತೋಳು ಸೋಲುತ್ತದೆ. ಚಟ್ನಿ ಅರೆದ ಕೈ ಇಂಥ ಹೊತ್ತಲ್ಲಿ ಏನು ಮಾಡುತ್ತದೆ? ನೀರು ಚಿಮುಕಿಸುತ್ತದೆ. ನಾನೂ ಎರಡು ಚಮಚ ಬಿಸಿನೀರು ಹಾಕಿದೆ. ಕೋಲು ತಕ್ಷಣ ಸಲೀಸಾಗಿ ತಿರುಗಿತು, ಕೆಲಸ ಆಯಿತೆಂದೇ ಅಂದುಕೊಂಡೆ. ಆಗಿದ್ದು ತಿರುವುಮುರುವು. ನೀರು ಸೇರಿದ ಮೇಲೆ ಅದು ಗಂಜಿಯಂತಾಗಿ ಚೂರುಗಳು ಕೋಲಿನ ಕೆಳಗೆ ನಿಲ್ಲದೆ ಜಾರಿಕೊಳ್ಳುತ್ತವೆ. ಪುಡಿಯಾಗದೆ ಉಳಿದ ಎಲೆ ನೆನೆದು ಚರ್ಮದಂತಾಗುತ್ತದೆ, ಒಣಗಿದ್ದಾಗ ಮುರಿಯುತ್ತಿದ್ದದ್ದು ಈಗ ಬಾಗುತ್ತದೆ, ಗೆರೆಗೂ ಸಿಗುವುದಿಲ್ಲ. ಎಳ್ಳು, ಬೀಜ ಎಣ್ಣೆ ಬಿಡುವ ಮೊದಲೇ ನೀರು ಬಿತ್ತಲ್ಲ, ಕೊನೆಗೆ ಹಾಲಿನಂತೆ ಒಂದಾಗಬೇಕಾದ ಚಹಾ ಮೇಲೆ ಪೇಲವ ನೀರು, ಕೆಳಗೆ ಮರಳು ಎಂದು ಎರಡಾಯಿತು. ಮತ್ತೆ ಅರೆದು ಸರಿಮಾಡೋಣ ಎಂದು ಕಾಲು ಗಂಟೆ ಒದ್ದಾಡಿದೆ, ಆಗಲಿಲ್ಲ. ಬಟ್ಟೆಯಲ್ಲಿ ಸೋಸಬಹುದು, ಆದರೆ ಸೋಸಿದರೆ ತಿನ್ನಬೇಕಾದದ್ದೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ.

ಹಬ್ಬಕ್ಕೆ ಚಿಗಳಿ ಕುಟ್ಟುವುದನ್ನು ನೋಡಿದ್ದರೆ ನಿಮಗೆ ಗುರುತು ಸುಲಭ. ಎಳ್ಳು ಎಣ್ಣೆ ಬಿಟ್ಟು ಮಿರಮಿರ ಎನ್ನುತ್ತದಲ್ಲ, ಇಲ್ಲೂ ಅದೇ ಹೊಳಪು ಬರಬೇಕು. ಬಿಗಿಯಾಗಿ ನಿಲ್ಲುವ ಹಂತ ದಾಟಿದರೆ ಎಣ್ಣೆಯೇ ಕೋಲನ್ನು ಬಿಡಿಸುತ್ತದೆ, ನೀರು ಬೇಕಾಗುವುದಿಲ್ಲ. ಮುದ್ದೆ ಕಡು ಹಸಿರಾಗಿ, ಬಟ್ಟಲು ಬೋರಲು ಹಾಕಿದರೂ ಬೀಳದಂತೆ ಅಂಟಿರಬೇಕು. ಕೈ ಬದಲಾಯಿಸುತ್ತ ಅರೆದರೆ ಇಪ್ಪತ್ತರಿಂದ ಮೂವತ್ತು ನಿಮಿಷ. ಒಬ್ಬರೇ ಹೋಗಬೇಡಿ.

ಆಮೇಲಷ್ಟೇ ನೀರು. ಕುದಿ ಇಳಿದ ಬಿಸಿನೀರು ಸುಮಾರು 600 ಮಿಲಿ, ಮೊದಲ ಅರ್ಧ ಲೋಟವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಒಂದೇ ಸಲ ಸುರಿದರೆ ಗಂಟು. ಕುಡಿಯುವ ಬಟ್ಟಲುಗಳಿಗೆ ಬಗ್ಗಿಸಿ ಮೇಲೆ ಮಂಡಕ್ಕಿ ಉದುರಿಸುತ್ತಾರೆ, ಹೌದು, ನಮ್ಮದೇ ಮಂಡಕ್ಕಿ, ಅಲ್ಲಿನದು ತುಸು ಗಟ್ಟಿ. ಮೆತ್ತಗಾಗುವ ಮೊದಲು ತಿನ್ನಿ. ಕೆಲವೆಡೆ ಕೊನೆಯಲ್ಲಿ ಧಾನ್ಯದ ಹಿಟ್ಟು, ಸಕ್ಕರೆ ಸೇರಿಸುತ್ತಾರೆ. ಹಿಟ್ಟು ಬೇಡವೆನ್ನಿ. ಹಿಟ್ಟು ಬಿದ್ದರೆ ನಿಮ್ಮ ಅರೆತ ಹೇಗಿತ್ತೆಂದು ತಿಳಿಯುವುದೇ ಇಲ್ಲ.

ಇದು 'ಅಸಲಿ'ಯೇ ಎಂದು ಕೇಳಿದ್ದೀರಿ. ಬೇಪುವಿನ ಈ ಸಿಹಿ ಚಹಾ 1990ರ ದಶಕದ ಕೊನೆಯಲ್ಲಿ ಪ್ರವಾಸಿಗರಿಗಾಗಿ ಬೆಳೆದ ರೂಪ. ಮನೆಗಳ ಹಳೆಯ ರೂಪ ಉಪ್ಪಿನದು: ಚಹಾ ಎಲೆಯ ಜೊತೆ ತುಳಸಿ ಜಾತಿಯ ಸೊಪ್ಪು, ಪುದೀನ ಅರೆದು, ಅನ್ನದ ಮೇಲೆ ಹೆಚ್ಚಿದ ಸೊಪ್ಪು, ಅಲಸಂದೆ ಕಾಯಿ, ಉಪ್ಪು ಮೂಲಂಗಿ, ತೋಫು, ಕಡಲೆಕಾಯಿ ಹರಡಿ, ಆ ಹಸಿರು ಸಾರು ಹುಯ್ದು ಉಣ್ಣುವುದು. ಮಲೇಷ್ಯಾದ ಹಕ್ಕಾ ಮನೆಗಳಲ್ಲಿ ಇದು ಇಂದಿಗೂ ಊಟ. ಒಣ ಸಿಗಡಿ ಬಿಟ್ಟರೆ ಸಸ್ಯಾಹಾರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೂ ಸಿಹಿ ರೂಪವನ್ನು ನಕಲಿ ಎನ್ನಲಾರೆ, ತೋಳು ನೋಯುವುದು ಎರಡರಲ್ಲೂ ಒಂದೇ.

ಅರೆದು ಮುಗಿದ ಮೇಲೆ ಸಮಯ ಉಳಿದರೆ ಜಿನ್‌ಗ್ವಾಂಗ್‌ಫು ಕಟ್ಟಡದ ತನಕ ನಡೆಯಿರಿ. 1830ರ ದಶಕದಲ್ಲಿ ಇಲ್ಲಿನ ನೆಲ ಒಡೆದು ಸಾಗುವಳಿ ಮಾಡಲು ಹಕ್ಕಾದವರೂ ಚೀನಾದ ಫುಜಿಯನ್ ಮೂಲದವರೂ ಕೂಡಿ ಬಂಡವಾಳ ಹಾಕಿದ ಸಂಸ್ಥೆಯದು. ಹೆಸರಿನ 'ಗ್ವಾಂಗ್' ಎಂದರೆ ಆ ಹಕ್ಕಾದವರು ಬಂದ ಗ್ವಾಂಗ್‌ಡಾಂಗ್ ಪ್ರಾಂತ, 'ಫು' ಎಂದರೆ ಫುಜಿಯನ್. ನೆಲ ಒಡೆದದ್ದು ಅಂದರೆ ಅಲ್ಲಿದ್ದ ಮೂಲನಿವಾಸಿಗಳನ್ನು ಬೆಟ್ಟಕ್ಕೆ ತಳ್ಳಿದ್ದು ಎಂಬುದನ್ನೂ ನೆನಪಿಡಿ.

ಯಾವ ಶನಿವಾರ ಎಂಬುದನ್ನು ನೀವು ಬರೆದಿಲ್ಲ, ಅದು ಮುಖ್ಯ. ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಒಣ ಗಾಳಿಗೆ ಪರ್ಸಿಮನ್ ಹಣ್ಣು ಸುಲಿದು ಒಣಗಿಸುತ್ತಾರೆ, ಅದಕ್ಕೆ ಅದೇ ಜಿಲ್ಲೆಯ ಸಿನ್‌ಪು ಇನ್ನೂ ಚೆನ್ನ. ಏಪ್ರಿಲ್ ಕೊನೆ, ಮೇ ಆದರೆ ಟುಂಗ್ ಮರ ಬೆಳ್ಳಗೆ ಹೂ ಉದುರಿಸುತ್ತದೆ, ಛತ್ರಿಗೆ ಬಳಿಯುವ ಎಣ್ಣೆ ಈ ಜಾತಿಯ ಮರದ್ದೇ. ಜೂನ್ ಹೊತ್ತಿಗೆ ಹೋದರೆ ಚಿಕ್ಕ ಜಿಗಿಹುಳು ಕಚ್ಚಿದ ಎಲೆಯಿಂದ ಮಾಡುವ ಓರಿಯಂಟಲ್ ಬ್ಯೂಟಿ ಚಹಾದ ಕೊಯ್ಲು. ಆ ಹುಳು ಬೇಕೆಂದೇ ತೋಟಕ್ಕೆ ಕೀಟನಾಶಕ ಹೊಡೆಯುವುದಿಲ್ಲ. ಆದರೆ ಆ ಎಲೆಯನ್ನು ಲೇ ಚಾ ಒರಳಿಗೆ ಹಾಕಿ ಅರೆದುಬಿಡಬೇಡಿ, ದುಬಾರಿ ಎಲೆ, ಅದರ ಪರಿಮಳ ಎಳ್ಳಿನಲ್ಲಿ ಮುಳುಗಿಹೋಗುತ್ತದೆ. ಅದನ್ನು ಬೇರೆ ಲೋಟದಲ್ಲಿ ಕುಡಿಯಿರಿ.