‘ಆಂಥಮ್ ಆಫ್ ದ ಸನ್’ ಎಲ್‌ಪಿ ಕೊಳ್ಳುವ ಮುನ್ನ ಒಳಅಂಚಿನ ಅಕ್ಷರ ನೋಡಿ

ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ ಅಂದರೆ ಲೈವ್, ಹಾಗಿದ್ದೂ 1968ರ ‘ಆಂಥಮ್ ಆಫ್ ದ ಸನ್’ ಎಂಬ ಈ ಸ್ಟುಡಿಯೋ ಆಲ್ಬಂ ಅನ್ನು ಅಭಿಮಾನಿಗಳು ಇಷ್ಟು ಹೊಗಳುವುದೇಕೆ, ನನಗೆ ಗದ್ದಲವಷ್ಟೇ ಕೇಳಿಸುತ್ತಿದೆ, ಹಳೆಯ ಎಲ್‌ಪಿ ಒಂದು ಮಾರಾಟಕ್ಕಿದೆ, ಕೊಳ್ಳಲೇ, ಅಥವಾ ಆ ದುಡ್ಡಿಗೆ ಒಂದು ಲೈವ್ ಸೆಟ್ ತರಲೇ? ನೀವು ಕೇಳಿರುವುದು ಇದು. ಇದೇ ಪ್ರಶ್ನೆ ಹಿಡಿದು ನಾನು ತಪ್ಪು ರೆಕಾರ್ಡ್ ಕೊಂಡೆ. ಅದರ ಕಾರಣವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಕೇಳಿಸುತ್ತಿರುವ ಗದ್ದಲಕ್ಕೂ ಅದಕ್ಕೂ ಸಂಬಂಧ ಇರಬಹುದು.

ಈ ಆಲ್ಬಂಗೆ ಎರಡು ಮಿಕ್ಸ್‌ಗಳಿವೆ, ಅಂದರೆ ದಾಖಲಿಸಿದ ಧ್ವನಿಗಳನ್ನು ಎರಡು ರೀತಿಯಲ್ಲಿ ಬೆರೆಸಿದ್ದಾರೆ. ಒಂದು 1968ರ ಜುಲೈನಲ್ಲಿ ವಾರ್ನರ್ ಬ್ರದರ್ಸ್ ಹೊರತಂದ ಮೂಲ ಮಿಕ್ಸ್. ಇನ್ನೊಂದು ಬ್ಯಾಂಡಿನ ಬೇಸ್ ಗಿಟಾರ್ ವಾದಕ ಫಿಲ್ ಲೆಶ್ 1971ರಲ್ಲಿ ಅದೇ ಟೇಪುಗಳನ್ನು ಮತ್ತೆ ಕೂರಿಸಿ ಮಾಡಿದ ಮಿಕ್ಸ್. ಎರಡನೆಯದು ಬಂದಾಗ ಕಂಪನಿ ಹೊಸ ಕ್ಯಾಟಲಾಗ್ ಸಂಖ್ಯೆ ಕೊಡಲಿಲ್ಲ. ಎರಡರ ಮೇಲೂ ಡಬ್ಲ್ಯುಎಸ್ 1749 ಎಂದೇ ಇದೆ. ಹೆಸರು ಅದೇ, ಹಾಡಿನ ಪಟ್ಟಿ ಅದೇ, ಬಿಲ್ ವಾಕರ್ ಬರೆದ ಮಂಡಲದಂಥ ಚಿತ್ರವೂ ಅದೇ. ನಾನು ಸಂಖ್ಯೆ ತಾಳೆ ನೋಡಿದೆ, ಹೊದಿಕೆ ತಾಳೆ ನೋಡಿದೆ, ‘1968ರ ಮೂಲ ಮುದ್ರಣ’ ಎಂದು ಮಾರುವವರು ಹೇಳಿದ ಮಾತನ್ನು ನಂಬಿ ಮೂಲ ಮುದ್ರಣದ ಬೆಲೆಯನ್ನೇ ಕೊಟ್ಟೆ. ಮನೆಗೆ ಬಂದದ್ದು 1971ರ ಮಿಕ್ಸ್.

ತಪ್ಪು ಗೊತ್ತಾಗುವಂತೆ ಲೇಬಲ್‌ನಲ್ಲೇ ಸುಳಿವಿತ್ತು. ವಾರ್ನರ್ 1968ರಿಂದ 1970ರವರೆಗೆ ಬಳಸಿದ್ದು ‘ಡಬ್ಲ್ಯು’ ಮತ್ತು ‘7’ ಕೂಡಿದ ಗುರುತಿರುವ ಹಸಿರು ಲೇಬಲ್. ಆಮೇಲೆ ಹಸಿರು ಉಳಿಯಿತು, ಗುರುತು ಮಾತ್ರ ಬದಲಾಯಿತು. 1973ರಿಂದ ಬಂದದ್ದು ಎರಡೂ ಕಡೆ ತಾಳೆಮರದ ಸಾಲಿರುವ ರಸ್ತೆಯ ಚಿತ್ರದ ಲೇಬಲ್. ನನ್ನ ಕೈಲಿದ್ದದ್ದು ತಾಳೆಮರದ್ದು. ಅದು 1968ರದ್ದಾಗಿರಲು ಸಾಧ್ಯವೇ ಇರಲಿಲ್ಲ. ಹೊದಿಕೆಯ ಹಿನ್ನೆಲೆ ನೇರಳೆ ಬಣ್ಣದ್ದಾಗಿತ್ತು ಎಂಬ ಒಂದೇ ಕಾರಣಕ್ಕೆ ಲೇಬಲ್ ಕಡೆ ಗಮನ ಕೊಡಲಿಲ್ಲ. ಬಿಳಿ ಹಿನ್ನೆಲೆಯ ಹೊದಿಕೆ ಕಂಡರೆ ಅದು ನಂತರದ ಮುದ್ರಣ ಎಂದು ಹೇಳಬಹುದು. ಆದರೆ ನೇರಳೆ ಇದ್ದ ಮಾತ್ರಕ್ಕೆ ಒಳಗಿರುವುದು ಮೂಲ ಮಿಕ್ಸ್ ಎಂದಾಗುವುದಿಲ್ಲ. ಹಳೆಯ ಹೊದಿಕೆಗೆ ಬೇರೆ ರೆಕಾರ್ಡ್ ಹಾಕಿ ಮಾರುವುದೂ ಉಂಟು.

ನಂಬಬೇಕಾದ ಗುರುತು ಒಂದೇ. ರೆಕಾರ್ಡಿನಲ್ಲಿ ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ತನಕ ನುಣುಪಾದ ಜಾಗ ಇರುತ್ತದಲ್ಲ, ರನ್‌ಔಟ್ ಎನ್ನುತ್ತಾರೆ, ಅಲ್ಲಿ ಮಾಸ್ಟರ್ ಸಂಖ್ಯೆ ಕೊರೆದಿರುತ್ತಾರೆ. ಆ ಸಂಖ್ಯೆಯ ಕೊನೆಗೆ ‘ಆರ್ ಇ’ ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಅದು 1971ರ ಮಿಕ್ಸ್. ಫೋಟೋದಲ್ಲಿ ನೇರ ಬೆಳಕು ಬಿದ್ದರೆ ಈ ಅಕ್ಷರ ಕಾಣುವುದಿಲ್ಲ. ರೆಕಾರ್ಡನ್ನು ಸ್ವಲ್ಪ ಓರೆ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆಯಲು ಹೇಳಿ. ಎರಡೂ ಬದಿಯದು ಕೇಳಿ. ಕಳಿಸಲು ಒಪ್ಪದಿದ್ದರೆ ಕೊಳ್ಳಬೇಡಿ. 1969ರ ‘ಆಕ್ಸೊಮೊಕ್ಸೊಆ’ ಆಲ್ಬಂ ಅನ್ನೂ ಹೀಗೆಯೇ 1971ರಲ್ಲಿ ಮತ್ತೆ ಮಿಕ್ಸ್ ಮಾಡಿದ್ದಾರೆ, ಅದನ್ನು ಕೊಳ್ಳುವಾಗಲೂ ಇದೇ ಎಚ್ಚರ ಬೇಕು.

ದುಡ್ಡಿನ ನಷ್ಟ ಒಂದು ಸಲದ್ದು. ಕೇಳ್ಮೆಗೆ ಆದ ನಷ್ಟ ಅದಕ್ಕಿಂತ ದೊಡ್ಡದು. ಅಭಿಮಾನಿಗಳು ಬರೆದಿದ್ದೆಲ್ಲ ಮೂಲ ಮಿಕ್ಸ್ ಬಗ್ಗೆ: ಒಂದು ಕಛೇರಿಯ ಮೇಲೆ ಇನ್ನೊಂದು ಕಛೇರಿ ಏರಿ ಬರುತ್ತದೆ, ಪದರ ಪದರವಾಗಿ ಕರಗುತ್ತದೆ ಎಂದು. ನಾನು ಕೇಳುತ್ತಿದ್ದದ್ದು ಆ ಪದರಗಳನ್ನು ಸಾಕಷ್ಟು ಬಿಡಿಸಿ ಒಣಗಿಸಿದ ಮಿಕ್ಸ್. ಅವರು ಹೇಳಿದ್ದು ಕೇಳಿಸಲಿಲ್ಲ, ಹಾಗಾಗಿ ಅವರದು ಉತ್ಪ್ರೇಕ್ಷೆ ಎಂದು ತೀರ್ಮಾನಿಸಿಬಿಟ್ಟೆ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಸ್ಟುಡಿಯೋವೋ ಲೈವೋ ಎಂಬ ಆಯ್ಕೆಯನ್ನು ಈ ಆಲ್ಬಂ ಮುಂದೆ ಇಡಲೇಬಾರದು. ಇದು ಎರಡೂ ಹೌದು.

ಬ್ಯಾಂಡಿನ ಮೊದಲ ಆಲ್ಬಂ 1967ರ ಮಾರ್ಚ್‌ನಲ್ಲಿ ಬಂತು. ಡೇವ್ ಹ್ಯಾಸಿಂಗರ್ ನಿರ್ಮಾಪಕ, ಕೆಲವೇ ದಿನಗಳಲ್ಲಿ ಮುಗಿಸಿದ ಕೆಲಸ, ವೇಗ ಹೆಚ್ಚು, ಉಸಿರು ಕಡಿಮೆ. ಎರಡನೆಯದನ್ನು ಅದೇ ಹ್ಯಾಸಿಂಗರ್ ಜೊತೆ ಲಾಸ್ ಏಂಜಲಿಸ್‌ನಲ್ಲಿ ಶುರು ಮಾಡಿ ನ್ಯೂಯಾರ್ಕ್‌ಗೆ ಹೋದರು. ಅಲ್ಲಿ ಗಿಟಾರ್ ವಾದಕ ಬಾಬ್ ವಿಯರ್ ‘ದಪ್ಪ ಗಾಳಿ’ಯ ಶಬ್ದ ಬೇಕು ಎಂದು ಕೇಳಿದ್ದೇ ಹ್ಯಾಸಿಂಗರ್ ಎದ್ದು ಹೊರಟರಂತೆ; ಡೆಡ್ ಅಭಿಮಾನಿಗಳಲ್ಲಿ ಈ ಪ್ರಸಂಗ ಗೊತ್ತಿಲ್ಲದವರಿಲ್ಲ. ನಿರ್ಮಾಪಕರು ಹೋದರು, ಕೈಯಲ್ಲಿ ಅರ್ಧ ಮುಗಿದ ಸ್ಟುಡಿಯೋ ಟೇಪ್ ಉಳಿಯಿತು. ಆಗ ಲೆಶ್, ಗಿಟಾರ್ ವಾದಕ ಮತ್ತು ಗಾಯಕ ಜೆರ್ರಿ ಗಾರ್ಸಿಯಾ ಹಾಗೂ ಧ್ವನಿ ತಂತ್ರಜ್ಞ ಡ್ಯಾನ್ ಹೀಲಿ ಬೇರೆ ದಾರಿ ಹಿಡಿದರು. 1967ರ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನ ಶ್ರೈನ್ ಸಭಾಂಗಣ, 1968ರ ಆರಂಭದಲ್ಲಿ ಪೋರ್ಟ್‌ಲ್ಯಾಂಡ್‌ನ ಕ್ರಿಸ್ಟಲ್ ಬಾಲ್‌ರೂಮ್, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾರೊಸೆಲ್ ಬಾಲ್‌ರೂಮ್, ಲೇಕ್ ಟಾಹೋ ಬಳಿಯ ಕಿಂಗ್ಸ್ ಬೀಚ್ ಬೌಲ್, ಹೀಗೆ ಹೋದಲ್ಲೆಲ್ಲ ದಾಖಲಿಸಿದ ಕಛೇರಿಗಳನ್ನು ಸ್ಟುಡಿಯೋ ಟೇಪಿನ ಜೊತೆಗೆ ಹೆಣೆದರು.

ಇದರ ಕಷ್ಟ ಎಲ್ಲಿದೆ ನೋಡಿ. ಒಂದೇ ಹಾಡನ್ನು ಎರಡು ರಾತ್ರಿ ನುಡಿಸಿದರೆ ಲಯ ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ. ಎರಡು ಟೇಪ್ ಯಂತ್ರಗಳನ್ನು ತಾನಾಗಿ ಹೊಂದಿಸುವ ಸಾಧನ ಆಗ ಅವರ ಬಳಿ ಇರಲಿಲ್ಲ. ಒಂದನ್ನು ಓಡಿಸಿ, ಇನ್ನೊಂದರ ವೇಗವನ್ನು ಕೈಯಿಂದಲೇ ಹೆಚ್ಚುಕಡಿಮೆ ಮಾಡುತ್ತ ಹತ್ತಿರ ತರಬೇಕು. ಕೂಡಿದ ಕ್ಷಣದಲ್ಲಿ ಶಬ್ದ ಗಟ್ಟಿಯಾಗುತ್ತದೆ, ಸರಿಯಲು ಶುರುವಾದಾಗ ಒಂದೇ ಡ್ರಮ್ ಎರಡಾಗುತ್ತದೆ. ನಿಮಗೆ ಗದ್ದಲ ಎನಿಸಿದ್ದು ಬಹುಶಃ ಈ ಸರಿಯುವಿಕೆ. ಅದನ್ನು ದೋಷ ಎಂದು ಒರೆಸಲಿಲ್ಲ, ಮಿಕ್ಸಿಂಗ್ ಬೋರ್ಡನ್ನೇ ವಾದ್ಯದಂತೆ ನುಡಿಸಿ ಉಳಿಸಿಕೊಂಡರು.

ಆದ್ದರಿಂದ ಕೇಳುವ ಸಾಧನ ಸರಿಯಿಲ್ಲದಿದ್ದರೆ ಈ ಆಲ್ಬಂ ಕೆಡುತ್ತದೆ. ಮೇಜಿನ ಮೇಲಿಡುವ ಒಂಟಿ ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ. ಎಡ ಬಲಗಳಲ್ಲಿ ಬೇರೆ ಬೇರೆ ಇಟ್ಟ ಪದರಗಳನ್ನು ಅದು ಒಂದೇ ಉಂಡೆ ಮಾಡುತ್ತದೆ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಅರ್ಧ ಆಲ್ಬಂ ಹೋಯಿತು. ಫೋನಿನ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೋ ಆನ್ ಆಗಿದ್ದರೆ ಆಫ್ ಮಾಡಿ. ಆಪ್‌ನಲ್ಲಿ ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ತನ್ನಿ, ಹಾಡುಗಳ ನಡುವೆ ಬಿಡುವು ಬಾರದಂತೆ ಮಾಡುವ ಗ್ಯಾಪ್‌ಲೆಸ್ ಆನ್ ಇರಲಿ, ಶಫಲ್ ಬೇಡ. ಈ ಆಲ್ಬಂನಲ್ಲಿ ಒಂದು ಹಾಡು ಇನ್ನೊಂದರೊಳಗೆ ಹರಿಯುತ್ತದೆ. ನಡುವೆ ಅರೆ ಸೆಕೆಂಡ್ ಮೌನ ಬಂದರೂ ಹೊಲಿಗೆ ಬಿಚ್ಚುತ್ತದೆ. ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಕೂಡ ಆಫ್ ಇರಲಿ. ಪಿಸುಗುಡುವ ಭಾಗ ಮತ್ತು ಅಬ್ಬರಿಸುವ ಭಾಗದ ಅಂತರವನ್ನು ಉದ್ದೇಶಪೂರ್ವಕವಾಗಿ ಇಟ್ಟಿದ್ದಾರೆ. ಇಡೀ ಆಲ್ಬಂ 40 ನಿಮಿಷಕ್ಕೆ ಸ್ವಲ್ಪ ಕಡಿಮೆ, ಒಂದೇ ಕೂತಲ್ಲಿ ಕೇಳಿ.

ಮೊದಲ ಬದಿಯ ಮೊದಲ ಹಾಡು ‘ದಟ್ಸ್ ಇಟ್ ಫಾರ್ ದಿ ಅದರ್ ಒನ್’. ಏಳೂವರೆ ನಿಮಿಷ ದಾಟುವ ಇದನ್ನು ನಾಲ್ಕು ಹೆಸರಿನ ತುಂಡು ಮಾಡಿದ್ದಾರೆ. ಹಾಡಿನ ಲೆಕ್ಕದಲ್ಲಿ ರಾಯಧನ ಬರುತ್ತಿದ್ದುದರಿಂದ ಆದ ವಿಂಗಡಣೆ ಅದು, ಹೆಸರುಗಳ ಹಿಂದೆ ಒಳಾರ್ಥ ಹುಡುಕುವ ಶ್ರಮ ಬೇಡ. ಆರಂಭ ಸ್ಟುಡಿಯೋದ್ದು: ಗಾರ್ಸಿಯಾ ಮೆತ್ತಗೆ ಹಾಡುತ್ತಾರೆ. ಎರಡು ನಿಮಿಷದೊಳಗೆ ಡ್ರಮ್‌ಗಳು ಉರುಳಿಕೊಂಡು ಬರುತ್ತವೆ, ಕೋಣೆಯ ಗಾತ್ರ ಇದ್ದಕ್ಕಿದ್ದಂತೆ ದೊಡ್ಡದಾದಂತೆ ಅನಿಸುತ್ತದೆ. ಸ್ಟುಡಿಯೋದಿಂದ ಸಭಾಂಗಣಕ್ಕೆ ದಾಟಿದ್ದು ಆಗಲೇ. ಮೊದಲ ಸಲ ಕೇಳುವಾಗ ಈ ಒಂದು ದಾಟು ಹಿಡಿದರೆ ಸಾಕು, ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ.

ಅಲ್ಲಿಂದ ವಿಯರ್ ಹಾಡುವ ಭಾಗ. ಅದರ ಲಯ ಗೊಂದಲ ಅನಿಸಿದರೆ ಬೆರಳಲ್ಲಿ ತಕಿಟ ತಕಿಟ ಎಣಿಸಿ. ನಾಲ್ಕು ಪೆಟ್ಟು, ಪ್ರತಿ ಪೆಟ್ಟಿಗೆ ಮೂರು ಮಾತ್ರೆ, ನಮ್ಮ ಲೆಕ್ಕದಲ್ಲಿ ತಿಸ್ರ ನಡೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ರಾಕ್ ಕೇಳಿ ಬೆಳೆದ ಕಿವಿಗಿಂತ ಬೇಗ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಎರಡು ಡ್ರಮ್ ಇರುವುದನ್ನೂ ಗಮನಿಸಿ. ಮೊದಲಿನಿಂದ ಇದ್ದ ಡ್ರಮ್ಮರ್ ಬಿಲ್ ಕ್ರೂಟ್ಜ್‌ಮನ್ ಜೊತೆಗೆ ಮಿಕಿ ಹಾರ್ಟ್ 1967ರ ಸೆಪ್ಟೆಂಬರ್‌ನಲ್ಲಷ್ಟೇ ಸೇರಿದ್ದರು. ಈ ಹಾರ್ಟ್ ತಬಲಾ ವಿದ್ವಾಂಸ ಅಲ್ಲಾ ರಖಾ ಅವರಲ್ಲಿ ಕಲಿತವರು. 1991ರ ‘ಪ್ಲಾನೆಟ್ ಡ್ರಮ್’ನಲ್ಲಿ ಜಾಕಿರ್ ಹುಸೇನ್ ಮತ್ತು ಘಟಂ ವಿಕ್ಕು ವಿನಾಯಕರಾಂ ಜೊತೆ ನುಡಿಸಿದ್ದೂ ಇವರೇ.

ಹಾಡಿನ ತುದಿಯಲ್ಲಿ ಲೋಹದ ಚೂರು ಉದುರಿದಂಥ ಶಬ್ದ ಬರುತ್ತದೆ. ನಿಮ್ಮ ಸ್ಪೀಕರ್ ಹಾಳಾಗಿಲ್ಲ. ಕೀಬೋರ್ಡ್ ವಾದಕ ಟಾಮ್ ಕಾನ್‌ಸ್ಟಾಂಟನ್ ಪಿಯಾನೋ ತಂತಿಗಳ ನಡುವೆ ವಸ್ತುಗಳನ್ನು ಸಿಕ್ಕಿಸಿ ನುಡಿಸಿದ್ದು, ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಬಳಕೆಗೆ ತಂದ ವಿಧಾನ. ಆಗ ಕಾನ್‌ಸ್ಟಾಂಟನ್ ವಾಯುಪಡೆಯಲ್ಲಿದ್ದರು, ರಜೆ ಸಿಕ್ಕಾಗ ಬಂದು ನುಡಿಸಿ ಹೋಗುತ್ತಿದ್ದರು. ಆ ಶಬ್ದ ಕರಗುವಾಗಲೇ ‘ನ್ಯೂ ಪೊಟ್ಯಾಟೊ ಕಬೂಸ್’ ಮೇಲೇಳುತ್ತದೆ. ಕವಿ ಬಾಬಿ ಪೀಟರ್ಸನ್ ಸಾಹಿತ್ಯ, ಲೆಶ್ ಸಂಗೀತ. ನನ್ನ ಮಟ್ಟಿಗೆ ಆಲ್ಬಂನ ಹೃದಯ ಇದೇ. ಇಲ್ಲಿ ಗಿಟಾರ್ ಬಿಟ್ಟು ಬೇಸ್ ಹಿಂಬಾಲಿಸಿ. ಬೇಸ್ ಕೆಳಗೆ ಕೂತು ತಾಳ ಕಾಯುವುದಿಲ್ಲ, ತಾನೇ ಇನ್ನೊಂದು ಹಾಡು ಹೇಳುತ್ತದೆ. ನಂತರದ ‘ಬಾರ್ನ್ ಕ್ರಾಸ್-ಐಡ್’ ಎರಡು ನಿಮಿಷದ್ದು, ಥಟ್ಟನೆ ನಿಲ್ಲುತ್ತದೆ.

ಲೈವ್ ಸೆಟ್ ತರಲೇ ಎಂದಿರಿ. ತನ್ನಿ, ಆದರೆ ಇದಕ್ಕೆ ಬದಲಾಗಿ ಅಲ್ಲ, ಇದರ ಜೊತೆಗೆ ಕೂರುವಂಥದ್ದನ್ನೇ ತನ್ನಿ. ಬ್ಯಾಂಡಿನ ಹಳೆಯ ಕಛೇರಿಗಳನ್ನು ಹೊರತಂದ ‘ಡಿಕ್ಸ್ ಪಿಕ್ಸ್’ ಸರಣಿಯ 22ನೆಯದು 1968ರ ಫೆಬ್ರವರಿ 23 ಮತ್ತು 24ರ ಕಿಂಗ್ಸ್ ಬೀಚ್ ಬೌಲ್ ಕಛೇರಿಗಳು. ಆಲ್ಬಂಗೆ ಹತ್ತಿಯಾದದ್ದು ಇಂಥ ರಾತ್ರಿಗಳೇ, ನೂಲುವ ಮೊದಲು ಹತ್ತಿ ಹೇಗಿತ್ತು ಎಂದು ಅಲ್ಲಿ ಕೇಳಬಹುದು. 1992ರಲ್ಲಿ ಬಂದ ‘ಟು ಫ್ರಮ್ ದ ವಾಲ್ಟ್’ ಅನ್ನು ನುಡಿಸಿದ್ದು ‘ಆಂಥಮ್’ ಬಿಡುಗಡೆಯಾದ ಮರುತಿಂಗಳು, 1968ರ ಆಗಸ್ಟ್‌ನಲ್ಲಿ. ‘ನ್ಯೂ ಪೊಟ್ಯಾಟೊ ಕಬೂಸ್’ ವೇದಿಕೆಯಲ್ಲಿ ಎಷ್ಟು ಹಿಗ್ಗಿತ್ತು ಎಂದು ಅದರಲ್ಲಿದೆ. 1969ರ ‘ಲೈವ್/ಡೆಡ್’ ಅದ್ಭುತ, ಆದರೆ ಮೊದಲು ಅದನ್ನು ಕೇಳಿ ಆ ಅಳತೆಗೋಲಲ್ಲಿ ‘ಆಂಥಮ್’ ಅಳೆದರೆ ಅನ್ಯಾಯ. ಅಲ್ಲಿ ಬ್ಯಾಂಡಿನ ಕೆಲವು ರಾತ್ರಿಗಳನ್ನು ಒಂದಾದ ಮೇಲೊಂದರಂತೆ ಕೇಳುತ್ತೀರಿ, ಇಲ್ಲಿ ಅದೇ ಬ್ಯಾಂಡಿನ ಹಲವು ರಾತ್ರಿಗಳು ಒಟ್ಟಿಗೆ ನುಡಿಸುತ್ತವೆ.

ಎಲ್‌ಪಿ ವಿಚಾರಕ್ಕೆ ನನ್ನ ನೇರ ಉತ್ತರ: ಈಗ ಬೇಡ. 2018ರ ಐವತ್ತನೇ ವರ್ಷದ ಸಿಡಿ ಆವೃತ್ತಿ ಹುಡುಕಿ. ಮೊದಲ ಡಿಸ್ಕ್‌ನಲ್ಲಿ 1968 ಮತ್ತು 1971, ಎರಡೂ ಮಿಕ್ಸ್ ಒಟ್ಟಿಗಿವೆ. ಎರಡನೆಯದರಲ್ಲಿ 1967ರ ಅಕ್ಟೋಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ನಡೆದ ಕಛೇರಿ. ಸ್ಟ್ರೀಮಿಂಗ್‌ನಲ್ಲಿ ಕೇಳುವುದಾದರೂ ಈ ಆವೃತ್ತಿಯನ್ನೇ ಆರಿಸಿ ಹಾಡಿನ ಹೆಸರಿನ ಮುಂದೆ ಯಾವ ಮಿಕ್ಸ್ ಎಂದು ಓದಿ. ಬಿಡಿ ಅಪ್‌ಲೋಡ್‌ಗಳಲ್ಲಿ ಯಾವುದು ಎಂದು ತಿಳಿಯುವುದೇ ಇಲ್ಲ. ಮೊದಲ ಐದಾರು ಸಲ 1968ರದ್ದು ಮಾತ್ರ ಕೇಳಿ. ಆಮೇಲೆ 1971ರದ್ದು ಹಾಕಿದರೆ ಯಾವ ಪದರ ಹಿಂದೆ ಸರಿದಿದೆ, ಯಾವುದು ಮುಂದೆ ಬಂದಿದೆ ಎಂದು ಕಿವಿಯೇ ಹೇಳುತ್ತದೆ. ಎರಡನೆಯದು ಕೀಳು ಎಂದು ನಾನು ಹೇಳುತ್ತಿಲ್ಲ. ಮೊದಲು ಕೇಳಬೇಕಾದದ್ದು ಅದಲ್ಲ.

ಇಷ್ಟಾದ ಮೇಲೂ ಎಲ್‌ಪಿ ಬೇಕೆನಿಸಿದರೆ ರನ್‌ಔಟ್ ಜೊತೆಗೆ ಎರಡನೇ ಬದಿಯ ಕೊನೆಯ ಐದು ನಿಮಿಷ ನುಡಿಸಿ ತೋರಿಸಲು ಕೇಳಿ. ಆ ಬದಿಯಲ್ಲಿ ‘ಅಲಿಗೇಟರ್’ ಮತ್ತು ‘ಕಾಶನ್’ ಸೇರಿ ಸುಮಾರು 21 ನಿಮಿಷ. ಸಾಹಿತಿ ರಾಬರ್ಟ್ ಹಂಟರ್ ಹೆಸರು ಡೆಡ್ ಆಲ್ಬಂ ಮೇಲೆ ಮೊದಲು ಬಂದದ್ದು ‘ಅಲಿಗೇಟರ್’ನಿಂದ, ಬ್ಯಾಂಡಿನ ಗಾಯಕ ಪಿಗ್‌ಪೆನ್ ಹಾಡುವ ‘ಕಾಶನ್’ ಕೊನೆಗೆ ಮಾತು, ತಾಳ ಎಲ್ಲ ಕಳಚಿ ಶುದ್ಧ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಶಬ್ದ ಮತ್ತೆ ಗಿಟಾರಿಗೇ ಹೊಕ್ಕು ಏಳುವ ಕೂಗು, ಆಗುತ್ತದೆ. ಯಾವ ಎಲ್‌ಪಿಯಲ್ಲೂ ಒಳಗೆರೆಗಳಲ್ಲಿ ಸೂಜಿಗೆ ಸಿಗುವ ಜಾಗ ಕಡಿಮೆ, ಸವೆತ ಮೊದಲು ಕೇಳಿಸುವುದು ಅಲ್ಲೇ. ಫೀಡ್‌ಬ್ಯಾಕ್ ಏರಿಳಿಯುತ್ತ ಉದ್ದಕ್ಕೆ ಎಳೆದಂತೆ ಕೇಳಬೇಕು. ಮರಳು ಉಜ್ಜಿದ ಹಾಗೆ ಒಂದೇ ಸಮ ಚರಚರ ಎಂದರೆ ಅದು ಬ್ಯಾಂಡಿನ ಶಬ್ದವಲ್ಲ, ಗೆರೆ ಸವೆದಿದೆ.