30 ವಾರಕ್ಕೇ ನೋವು: ಆ ಇಂಜೆಕ್ಷನ್ ಕೊಡಿಸಿ
ನಿಮ್ಮ ತಂಗಿಗೆ ಗರ್ಭದ 30 ವಾರಕ್ಕೇ ಹೆರಿಗೆ ನೋವು ಶುರುವಾಗಿದೆ, ಮಂಡ್ಯದ ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಅಂತಿದ್ದಾರೆ, ಮನೇಲಿ ಹಿರಿಯರು ಬೇಡ ಅಂತಿದ್ದಾರೆ ಅಂದ್ರಲ್ಲ. ದಯವಿಟ್ಟು ಕೊಡಿಸಿ ಸರ್, ತಡ ಮಾಡಬೇಡಿ.

ಇದು ಮಗುವಿನ ಶ್ವಾಸಕೋಶ ಬೇಗ ಬಲಿಯೋದಕ್ಕೆ. ಸಾಮಾನ್ಯವಾಗಿ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್, 12 ಗಂಟೆಗೊಂದರಂತೆ ನಾಲ್ಕು ಸಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ, ನಮ್ಮ ಬೆಳಗಾವಿಯಲ್ಲೂ, ಇದನ್ನು ಪರೀಕ್ಷಿಸಿತ್ತು. 2020ರಲ್ಲಿ ಬಂದ ಫಲಿತಾಂಶದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಸಾವು ಕಡಿಮೆಯಾಗಿತ್ತು, ತಾಯಂದಿರಲ್ಲಿ ಸೋಂಕೂ ಹೆಚ್ಚಿರಲಿಲ್ಲ. ತಂಗಿಗೆ ಶುಗರ್ ಇದ್ದರೆ ಮೊದಲೇ ಹೇಳಿ, ಏರಬಹುದು.

ಹೆರಿಗೆ ಮಾತ್ರ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರೋ ಕಡೆಯೇ ಆಗಲಿ. ಮಂಡ್ಯದ ಮಿಮ್ಸ್ ಆಸ್ಪತ್ರೆ ಆಗಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಆಗಲಿ, ಡಾಕ್ಟರು ಹೇಳಿದ ತಕ್ಷಣ ಹೊರಡಿ; ಹುಟ್ಟಿದ ಮೇಲೆ ಸಾಗಿಸೋದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ಹೋಗೋದು ಮಗುಗೆ ಕ್ಷೇಮ. ಮಗು ಅಲುಗಾಡೋದು ಕಮ್ಮಿಯಾದರೆ ಬೆಳಗಾಗಲಿ ಅಂತ ಕಾಯಲೇಬೇಡಿ.